ಪುಷ್ಪರಾಣಿ ಬರಬೇಕಿದ್ದ ಬೇಸಿಗೆ

ಬೀಳಗಿಯಿಂದ ಬನಹಟ್ಟಿಗೆ ಹೋದಾಗಲೆಲ್ಲ ನಾನು ಬಸ್‌ಸ್ಟ್ಯಾಂಡಿನಿಂದ ಮನೆಗೆ ನಡೆದೇ ಹೋಗುತ್ತೇನೆ. ಕಳೆದ ವಾರವೂ ಹಾಗೇ ಹೊರಟಿದ್ದೆ. ನಮ್ಮ ಓಣಿಯ ತಿರುವಿನಲ್ಲಿ ಯಾರೋ ನೂಲಿಗೆ ಗಂಜಿ ಹಾಕಿ ಬಿಸಿಲಿಗೆ ಹರವಿದ್ದರು. ಹಸಿ ಗಂಜಿಯ ಹುಳಿ ವಾಸನೆ ಮೂಗಿಗೆ ಬಡಿಯಿತು. ಈ ವಾಸನೆಯಲ್ಲೇ ಹುಟ್ಟಿ ಬೆಳೆದವಳು ನಾನು. ಅದರಲ್ಲಿ ವಿಶೇಷವೇನೂ ಇಲ್ಲ. ಆದರೂ ಆ ದಿನ ಕಾಲು ನಿಂತವು. ಎರಡು ಸಾವಿರದ ಇಪ್ಪತ್ತೆರಡರ ಬೇಸಿಗೆಯಲ್ಲಿ ನಮ್ಮ ಮನೆಯ ಮುಂದೆಯೂ ಹೀಗೇ ಹಸಿರು ನೂಲು ಒಣಗುತ್ತಿತ್ತು. ಅದು ಪುಷ್ಪರಾಣಿಯ ಸೀರೆಗಳ ನೂಲು.

ಆಗ ನಾನು ಜಮಖಂಡಿಯ ಒಂದು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದೆ. ದಿನಾ ಬನಹಟ್ಟಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮನೆಯಲ್ಲಿ ಅಪ್ಪ, ಅವ್ವ, ಹಿಂದಿನ ಶೆಡ್ಡಿನಲ್ಲಿ ಎರಡು ಪವರ್‌ಲೂಮು. ಕರೆಂಟು ಇರುವಷ್ಟು ಹೊತ್ತು ಮನೆಯಲ್ಲಿ ಯಾರೂ ಮೆಲ್ಲಗೆ ಮಾತಾಡುವ ಹಾಗಿರಲಿಲ್ಲ. ನನ್ನ ಕ್ಲಾಸಿನಲ್ಲಿ ಕೊನೆಯ ಬೆಂಚಿನವರಿಗೂ ಪಾಠ ಕೇಳಿಸುತ್ತದೆ ಎಂದು ಎಲ್ಲರೂ ಹೊಗಳುತ್ತಾರೆ. ಅದು ಮಗ್ಗದ ಜೊತೆ ಕೂಗಿ ಕೂಗಿ ಬಂದ ಗಂಟಲು.

ಪುಷ್ಪರಾಣಿ ಶ್ರೀಲಂಕಾದ ಜಾಫ್ನಾದವಳು. ಅಲ್ಲಿ ಮನೆಯ ಮುಂಭಾಗದಲ್ಲೇ ಒಂದು ಸಣ್ಣ ಸೀರೆ ಅಂಗಡಿ ಇಟ್ಟುಕೊಂಡಿದ್ದಳು. ಗಂಡ ಆಟೋ ಓಡಿಸುತ್ತಿದ್ದ. ಅವಳು ನಮ್ಮ ಮನೆಗೆ ಮೊದಲ ಸಲ ಬಂದದ್ದು ನಾನು ಎಂ.ಎ. ಓದುತ್ತಿದ್ದಾಗ. ಚೆನ್ನೈನ ಸಗಟು ಅಂಗಡಿಯೊಂದರಲ್ಲಿ ಕೊಂಡ ಸೀರೆಯ ಮಡಿಕೆಯೊಳಗೆ ಅಪ್ಪನ ಹೆಸರು, ಊರು ಇದ್ದ ಚೀಟಿ ಸಿಕ್ಕಿತ್ತಂತೆ. ಆ ಚೀಟಿ ಹಿಡಿದುಕೊಂಡು ಬೆಂಗಳೂರಿಗೆ ಬಂದು, ಅಲ್ಲಿಂದ ಕುಡಚಿಗೆ ರೈಲು ಹತ್ತಿ, ತೇರದಾಳದ ಮೇಲೆ ಬರುವ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದಳು. ಐವತ್ತರ ಆಸುಪಾಸಿನ ಹೆಂಗಸು, ಒಬ್ಬಳೇ, ಕೈಯಲ್ಲಿ ಎರಡು ದೊಡ್ಡ ಚೀಲ. ಬಾಗಿಲಲ್ಲಿ ನಿಂತು ಚೀಟಿ ತೋರಿಸಿ ನಕ್ಕಳು. ನಮಗೆ ತಮಿಳು ಬಾರದು, ಅವಳಿಗೆ ಕನ್ನಡ ಬಾರದು. ಅವ್ವ ಒಳಗೆ ಕರೆದು ನೀರು ಕೊಟ್ಟು, ತಾಟಿನಲ್ಲಿ ರೊಟ್ಟಿ ಹಾಕಿದಳು. ಅಲ್ಲಿಗೆ ಮಾತು ಮುಗಿಯಿತು, ಸ್ನೇಹ ಶುರುವಾಯಿತು.

ಸೀರೆ ಆರಿಸುವುದರಲ್ಲಿ ಅವಳು ಬಹಳ ಬಿಗಿ. ಬಟ್ಟಲಲ್ಲಿ ನೀರು ತರಿಸಿಕೊಂಡು, ಬೆರಳು ಅದ್ದಿ, ಸೀರೆಯ ಅಂಚಿನ ದಡಿಯ ಮೇಲೆ ಗಸಗಸ ಉಜ್ಜುತ್ತಿದ್ದಳು. ಬೆರಳಿಗೆ ಬಣ್ಣ ಹತ್ತಿದರೆ ಆ ಸೀರೆ ಪಕ್ಕಕ್ಕೆ. ಮೊದಲ ಸಲ ಅಪ್ಪನಿಗೆ ಸಿಟ್ಟು ಬಂದಿತ್ತು.

"ನಲವತ್ತ ವರ್ಷ ಆತು ನೇಯಾಕತ್ತು. ನನ್ನ ಸೀರಿಗೆ ಯಾರೂ ನೀರ ಹಚ್ಚಿ ನೋಡಿಲ್ಲ" ಎಂದು ಅವ್ವನ ಹತ್ತಿರ ಗೊಣಗಿದ. ಆದರೆ ಮುಂದಿನ ವರ್ಷದಿಂದ ಅವಳು ಬರುವ ಮೊದಲೇ ತಾನೇ ಒಂದು ಬಟ್ಟಲು ನೀರು ಇಟ್ಟುಕೊಂಡು ಪ್ರತಿ ಸೀರೆ ಉಜ್ಜಿ ನೋಡತೊಡಗಿದ.

ವರ್ಷಕ್ಕೆ ಎರಡು ಸಲ ಬರುತ್ತಿದ್ದಳು. ಸಂಕ್ರಾಂತಿ ಮುಗಿದ ಮೇಲೆ ಒಮ್ಮೆ, ದಸರೆಗೆ ಮೊದಲು ಒಮ್ಮೆ. ನಾಲ್ಕು ದಿನ ನಮ್ಮಲ್ಲೇ ಉಳಿಯುತ್ತಿದ್ದಳು. ವರ್ಷಗಳು ಕಳೆದಂತೆ ಅವ್ವನಿಂದ ಕನ್ನಡ ಕಲಿತಳು. ಅವ್ವ ಅವಳಿಗೆ ಮೊದಲು ಕಲಿಸಿದ್ದು ಮರ್ಯಾದೆಗೆ 'ರೀ' ಹಚ್ಚುವುದನ್ನು. ಅವಳು ಅದನ್ನು ಎಲ್ಲರಿಗೂ, ಎಲ್ಲಕ್ಕೂ ಹಚ್ಚಿದಳು. ಅಡುಗೆಮನೆಗೆ ನುಗ್ಗಿದ ಬೆಕ್ಕಿಗೂ "ಹೋಗ್ರೀ, ಹೊರಗ ಹೋಗ್ರೀ" ಎನ್ನುತ್ತಿದ್ದಳು. ಅವ್ವ ಸೆರಗು ಬಾಯಿಗೆ ಹಿಡಿದುಕೊಂಡು ನಗುತ್ತಿದ್ದಳು. ನನ್ನನ್ನು ಮಾತ್ರ 'ಟೀಚರ್' ಎಂದೇ ಕರೆಯುತ್ತಿದ್ದಳು. ನಾನು ಓದಿದವಳು ಎಂದು ಅವಳಿಗೆ ಬಲು ಗೌರವ.

ಅವಳಿಗೆ ಸಕ್ಕರೆ ಕಾಯಿಲೆ ಇತ್ತು. ಗುಳಿಗೆಗೆ ಬಗ್ಗದೆ ಇನ್ಸುಲಿನ್‌ಗೆ ಬಂದು ನಿಂತಿತ್ತು. ಊಟಕ್ಕೆ ಮೊದಲು ಗೋಡೆಯ ಕಡೆ ತಿರುಗಿ ಕೂತು, ಸೆರಗು ಸರಿಸಿ ಹೊಟ್ಟೆಗೆ ಚುಚ್ಚಿಕೊಳ್ಳುತ್ತಿದ್ದಳು. ಅವ್ವ ತಾಟು ಹಿಡಿದು ಕಾಯುತ್ತಿದ್ದಳು. "ಆತೇನ್ರಿ ಪುಷ್ಪಕ್ಕಾರ?" ಎಂದು ಕೇಳಿ, "ಆತ್ರಿ" ಎಂದ ಮೇಲೆಯೇ ರೊಟ್ಟಿ ಬಡಿಸುತ್ತಿದ್ದಳು. ಔಷಧದ ಸೀಸೆಗಳು ನಮ್ಮ ಫ್ರಿಜ್ಜಿನಲ್ಲಿ ಮೊಸರಿನ ಡಬ್ಬಿಯ ಪಕ್ಕ ಇರುತ್ತಿದ್ದವು. ನಾನು ದಿನಾ ನೋಡುತ್ತಿದ್ದೆ. ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆಂದರೆ, ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ದಾರಿ ನನಗಿಲ್ಲ.

ಕೊನೆಯ ಸಲ ಬಂದದ್ದು ಕೊರೊನಾಕ್ಕೆ ಮೊದಲು. ಆಮೇಲೆ ವಿಮಾನ ನಿಂತವು. ಅವಳ ದೇಶದವರು ಹೊರಗಿನಿಂದ ಬಟ್ಟೆ ತರಿಸುವುದಕ್ಕೂ ಅಡ್ಡ ಹಾಕಿದರು. ಡಾಲರ್ ಉಳಿಸಬೇಕು, ಸೀರೆ ಇಲ್ಲದೆ ಯಾರೂ ಸಾಯುವುದಿಲ್ಲ ಎನ್ನುವುದು ಸರ್ಕಾರದ ಲೆಕ್ಕ. ಅದು ತಪ್ಪೆಂದು ನಾನೂ ಅನ್ನಲಾರೆ. ಪುಷ್ಪರಾಣಿ ಇದ್ದಬದ್ದ ಹಳೆಯ ಸೀರೆ ಮಾರಿ, ಅಂಗಡಿಯಲ್ಲೇ ಹೊಲಿಗೆ ಯಂತ್ರ ಹಾಕಿಕೊಂಡು ದಿನ ದೂಡಿದಳು. ಫೋನ್ ಮಾತ್ರ ತಪ್ಪಿಸಲಿಲ್ಲ. ಇಪ್ಪತ್ತೆರಡರ ಫೆಬ್ರವರಿಯಲ್ಲಿ ಅಪ್ಪನಿಗೆ ಹೇಳಿದಳು, "ಅಣ್ಣಾ, ನಾನು ಬರ್ತೀನಿ ರೀ. ಹಸಿರು ಸೀರಿ, ಕೆಂಪು ದಡಿ, ನೇಯ್ರಿ."

ಅಪ್ಪ ಮರುದಿನವೇ ನೂಲಿಗೆ ಬಣ್ಣ ಹಾಕಿಸಿದ.

ಆ ಮಾರ್ಚಿನಲ್ಲಿ ಅವಳ ದೇಶದ ಸುದ್ದಿ ದಿನವೂ ಟಿವಿಯಲ್ಲಿ ಬರತೊಡಗಿತು. ಪೆಟ್ರೋಲ್ ಬಂಕಿನ ಮುಂದೆ ಮೈಲಿಗಟ್ಟಲೆ ಸರದಿ, ಗ್ಯಾಸ್ ಸಿಲಿಂಡರ್ ಹಿಡಿದು ನಿಂತ ಹೆಂಗಸರು, ಕಾಗದ ಇಲ್ಲದೆ ಮುಂದಕ್ಕೆ ಹೋದ ಶಾಲೆಯ ಪರೀಕ್ಷೆ. ನನ್ನ ಕ್ಲಾಸಿನಲ್ಲಿ ಆ ತಿಂಗಳ ಕೊನೆಯ ವಾರ ವಿದೇಶಿ ವಿನಿಮಯದ ಪಾಠದ ಪುನರಾವರ್ತನೆ ನಡೆದಿತ್ತು. ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನನಗೆ ಹುರುಪು ಬಂದಿತ್ತು. ಇಷ್ಟು ವರ್ಷ ಬಾಯಿಪಾಠ ಮಾಡಿಸುತ್ತಿದ್ದ ಪಾಠ ಕಣ್ಣೆದುರು ನಡೆಯುತ್ತಿತ್ತು.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು, "ಮಿಸ್, ಅವರ ಕಡೆ ರೊಕ್ಕ ಇಲ್ಲಂದ್ರ ಅಚ್ಚ ಹಾಕ್ಕೋಬೇಕಿಲ್ರಿ?"

"ಅವರ ರೊಕ್ಕ ಅವರು ಅಚ್ಚ ಹಾಕ್ಕೋಬಹುದು. ಡಾಲರ್ ಅಚ್ಚ ಹಾಕಾಕ ಬರೂದಿಲ್ಲ. ಎಣ್ಣಿ, ಔಷಧ ಹೊರಗಿಂದ ತರಬೇಕಂದ್ರ ಡಾಲರೇ ಬೇಕು" ಎಂದೆ.

ಆಮೇಲೆ ಬೋರ್ಡಿನ ಮೇಲೆ ಬರೆದು ತೋರಿಸಿದೆ. ಪ್ರವಾಸಿಗರು ಬರುವುದು ನಿಂತಿತು, ಹೊರದೇಶದಲ್ಲಿ ದುಡಿಯುವವರು ಕಳಿಸುವುದು ಕಡಿಮೆಯಾಯಿತು. ಒಳಗೆ ಬರುವುದು ಬತ್ತಿದಾಗಲೇ ಹೊರಗೆ ಹೋಗುವುದು ಜೋರಾಯಿತು. ವರ್ಷದೊಳಗೆ ತೀರಿಸಬೇಕಾದ ಸಾಲಗಳು ಎದುರು ಬಂದು ನಿಂತವು. ನಾಣ್ಯದ ಬೆಲೆ ಇನ್ನೂ ಬೀಳುತ್ತದೆ ಎಂಬ ಅಂಜಿಕೆಯಿಂದ ಡಾಲರ್ ಇದ್ದವರು ಅದನ್ನು ಹೊರಗೇ ಇಟ್ಟುಕೊಂಡರು, ಸಾಮಾನು ತರಿಸುವವರು ನಾಳೆ ಬೇಕಾದದ್ದನ್ನು ಇವತ್ತೇ ಕೊಳ್ಳಲು ಓಡಿದರು. ಅಂಜಿಕೆಯಿಂದಲೇ ಅರ್ಧ ಭಂಡಾರ ಬರಿದಾಗುತ್ತದೆ ಎಂದೆ. ಇದು ಅಲ್ಪಾವಧಿಯ ಸೋರಿಕೆ, ಯಾರಾದರೂ ಸಾಲ ಕೊಟ್ಟು ಭರವಸೆ ತುಂಬಿದರೆ ನಿಲ್ಲುತ್ತದೆ ಎಂದೂ ಹೇಳಿದೆ. 'ಅಲ್ಪಾವಧಿ' ಎನ್ನುವ ಪದದ ಕೆಳಗೆ ಎರಡು ಗೆರೆ ಎಳೆದೆ. ಪರೀಕ್ಷೆಗೆ ಬರುವ ಪ್ರಶ್ನೆ ಅದು.

ಆ ಭಾನುವಾರ ಪುಷ್ಪರಾಣಿಯ ಫೋನ್ ಬಂತು. ಮಧ್ಯಾಹ್ನದ ಹೊತ್ತು. ಕರೆಂಟು ಹೋಗಿ ಮಗ್ಗ ನಿಂತಿದ್ದವು, ಅದಕ್ಕೇ ಅವಳ ದನಿ ಸ್ಪಷ್ಟವಾಗಿ ಕೇಳಿಸಿತು. ಫೋನ್ ಸ್ಪೀಕರಿಗೆ ಹಾಕಿದ್ದೆ. ಅವ್ವ ಒಳಗೆ ಶೇಂಗಾ ಹುರಿಯುತ್ತಿದ್ದಳು.

"ಟೀಚರ್, ಒಂದು ಕೇಳ್ತೀನಿ ರೀ. ನೀವು ಓದಿದವರು" ಎಂದಳು. ಅವಳ ವೀಸಾ ಮೇ ತಿಂಗಳವರೆಗೆ ಇತ್ತು. ಚೆನ್ನೈನಲ್ಲಿ ಅಕ್ಕನ ಮಗ ಸುಧನ್ ಇದ್ದ. ಈಗಲೇ ಹೊರಟು ಬಾ, ಎಲ್ಲ ಸರಿಯಾಗುವವರೆಗೆ ಇಲ್ಲೇ ಇರು ಎಂದು ಅವನು ಕರೆಯುತ್ತಿದ್ದ. ಆದರೆ ಅವರ ರೂಪಾಯಿ ಬಿದ್ದು ಟಿಕೆಟ್ಟಿನ ಬೆಲೆ ಏರಿ ಕೂತಿತ್ತು. ಹೋಗಬೇಕೆಂದರೆ ಬಳೆ ಮಾರಬೇಕು. "ಈಗ ಬರಬೇಕೋ, ಕಾಯಬೇಕೋ? ಇದು ಎಷ್ಟು ದಿನ ಇರ್ತದೆ ರೀ?"

ಅವ್ವ ಒಳಗಿನಿಂದಲೇ ಕೂಗಿದಳು, "ಬಾ ಅನ್ನು. ಇಲ್ಲೇ ಬಂದ ಇರ್ರಿ ಅಂತ ಹೇಳು. ನಮ್ಮ ಮನ್ಯಾಗ ಒಂದ ತಾಟ ಹೆಚ್ಚ ಆಗೂದಿಲ್ಲ."

ನಾನು ಕೈ ಎತ್ತಿ ಅವ್ವನನ್ನು ಸುಮ್ಮನಿರಿಸಿದೆ. ನನ್ನನ್ನು ಕೇಳಿದ್ದಾಳೆ, ನನಗೆ ಗೊತ್ತಿರುವ ವಿಷಯ ಕೇಳಿದ್ದಾಳೆ ಎನ್ನುವ ಸುಖ ಅದು. ಕ್ಲಾಸಿನಲ್ಲಿ ಹೇಳಿದ್ದನ್ನೇ ಅವಳಿಗೆ ತಿಳಿಯುವ ಹಾಗೆ ಸರಳ ಮಾಡಿ ಹೇಳಿದೆ.

"ಅಂಜಬ್ಯಾಡ್ರಿ ಪುಷ್ಪಕ್ಕಾರ. ಇದು ಬಾಳ ದಿನ ನಿಲ್ಲೂದಲ್ಲ. ನಮ್ಮ ದೇಶನೂ ಸಾಲ ಕೊಡಾಕತ್ತೈತಿ, ಹೊರಗಿನವರೂ ಕೊಡ್ತಾರ. ಒಂದ ಮೂರ ತಿಂಗಳು ಕಾಯ್ರಿ. ಈಗ ಬಳಿ ಮಾರಿ ಬರೂದು ಬ್ಯಾಡ. ಹೊಸಾ ವೀಸಾ ಮಾಡಿಸ್ಕೊಂಡು ದಸರಾಕ್ಕ ಆರಾಮ ಬರ್ರಿ."

ಆ ಕಡೆಯಿಂದ ನಿಟ್ಟುಸಿರು ಕೇಳಿಸಿತು. ಹಗುರಾದವರ ನಿಟ್ಟುಸಿರು. "ನೀವು ಹೇಳಿದರೆ ಸರಿ ಟೀಚರ್. ಮೂರು ತಿಂಗಳು ಕಾಯ್ತೀನಿ ರೀ" ಎಂದಳು. ಬಳೆ ಮಾರುವುದು ತಪ್ಪಿತೆಂದು ಅವಳಿಗೆ ಖುಷಿಯಾಗಿತ್ತು. ಅದು ಅವಳ ತಾಯಿ ಕೊಟ್ಟ ಬಳೆ.

ಏಪ್ರಿಲ್, ಮೇ ಹೇಗೋ ಹೋದವು. ನಮ್ಮಲ್ಲಿ ಆ ವರ್ಷ ಬಿಸಿಲು ಜೋರು. ಕೃಷ್ಣೆಯ ಕಡೆಯಿಂದ ಸಂಜೆ ಬೀಸುವ ಗಾಳಿಯೂ ಬಿಸಿಯಾಗಿತ್ತು. ಪಿಯು ಪರೀಕ್ಷೆ, ಮೌಲ್ಯಮಾಪನ ಎಂದು ನಾನು ಊರೂರು ತಿರುಗುತ್ತಿದ್ದೆ. ಫೋನ್ ಮಾಡಿದಾಗ ಪುಷ್ಪರಾಣಿ ಕರೆಂಟು ಇಲ್ಲ, ಎಣ್ಣೆ ಇಲ್ಲ, ಗಂಡ ಆಟೋ ತಳ್ಳಿಕೊಂಡು ಬಂಕಿಗೆ ಹೋಗುತ್ತಾನೆ ಎಂದು ನಗುನಗುತ್ತಲೇ ಹೇಳುತ್ತಿದ್ದಳು. ಔಷಧದ ಮಾತು ಅವಳು ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಅದು ಗೊತ್ತಾದದ್ದು ಜೂನ್ ಮಧ್ಯದಲ್ಲಿ, ಅದೂ ಅವ್ವನಿಂದ. ಅವ್ವ ಫೋನಿನಲ್ಲಿ ಮಾತಿನ ನಡುವೆ ಎಂದಿನಂತೆ ಕೇಳಿದ್ದಳು, "ಊಟಕ್ಕ ಮೊದಲ ಸೂಜಿ ತಗೊಂಡ್ರಿಲ್ರಿ?" ಆಗ ಪುಷ್ಪರಾಣಿ ಹೇಳಿದ್ದಳು. ಊರಿನ ಔಷಧ ಅಂಗಡಿಗಳಲ್ಲಿ ಸೀಸೆ ಸಿಗುವುದು ನಿಂತು ಬಹಳ ದಿನಗಳಾಗಿದ್ದವು. ಇದ್ದದ್ದನ್ನು ಅರ್ಧ ಅರ್ಧ ಮಾಡಿ ತೆಗೆದುಕೊಳ್ಳುತ್ತಿದ್ದಳು. ಕರೆಂಟಿಲ್ಲದ್ದಕ್ಕೆ ಸೀಸೆಯನ್ನು ಮಣ್ಣಿನ ಗಡಿಗೆಯಲ್ಲಿ ಇಟ್ಟು ಒದ್ದೆ ಬಟ್ಟೆ ಸುತ್ತಿದ್ದಳು. ಅನ್ನ ಬಿಟ್ಟಿದ್ದಳು.

ಅವ್ವ ಫೋನ್ ನನ್ನ ಕೈಗೆ ಕೊಟ್ಟಳು. ನಾನು, "ಈಗಲೇ ಹೊರಡ್ರಿ, ನಾಳೆನೇ ಹೊರಡ್ರಿ" ಎಂದೆ.

"ವೀಸಾ ಮುಗೀತು ಟೀಚರ್" ಎಂದಳು. "ಹೊಸದು ಸಿಕ್ಕರೂ ವಿಮಾನಕ್ಕೆ ಕೊಲಂಬೋಗೆ ಹೋಗಬೇಕು ರೀ. ಬಸ್ಸು ಇಲ್ಲ. ನೀವು ಹೇಳಿದ ಮೂರು ತಿಂಗಳು ಇನ್ನೇನು ಆಗ್ತಾ ಬಂತು ಅಲ್ವಾ ರೀ?"

ಅವಳು ಚುಚ್ಚಿ ಹೇಳಲಿಲ್ಲ. ನನ್ನ ಮಾತನ್ನು ಹಿಡಿದುಕೊಂಡು ನಿಜವಾಗಿಯೂ ದಿನ ಎಣಿಸುತ್ತಿದ್ದಳು.

ಮರುದಿನ ಜಮಖಂಡಿಯಲ್ಲಿ ಡಾಕ್ಟರರಿಂದ ಬರೆಸಿಕೊಂಡು ಔಷಧ ಅಂಗಡಿಗೆ ಹೋದೆ. ಹತ್ತು ಸೀಸೆ ಕೇಳಿದ ಕೂಡಲೇ ಎತ್ತಿ ಕೊಟ್ಟರು. ನಮ್ಮಲ್ಲಿ ಅಷ್ಟು ಸುಲಭಕ್ಕೆ ಸಿಗುವ ವಸ್ತು ಅದು. ಪಾರ್ಸಲ್ ಮಾಡುತ್ತೇನೆ ಎಂದಾಗ ಅಂಗಡಿಯವರು ತಲೆ ಅಲ್ಲಾಡಿಸಿದರು.

"ಮೇಡಂ, ಇದು ಗುಳಿಗಿ ಅಲ್ರಿ ಪಾರ್ಸಲ್ ಮಾಡಾಕ. ಬಿಸಲಾಗ ಇಟ್ರ ಕೆಡತೈತಿ. ಯಾರರ ಕೈಯಾಗ ಥಂಡ ಇಟಗೊಂಡು ಒಯ್ಯಬೇಕ್ರಿ."

ಸುಧನ್‌ಗೆ ಫೋನ್ ಮಾಡಿದೆ. ಕೊಲಂಬೋಗೆ ಹೋಗುವ ಪರಿಚಯದವರು ಒಬ್ಬರಿದ್ದಾರೆ, ಮುಂದಿನ ವಾರದೊಳಗೆ ಚೆನ್ನೈಗೆ ಮುಟ್ಟಿಸಿದರೆ ಅವರ ಕೈಯಲ್ಲಿ ಕಳಿಸಬಹುದು ಎಂದ. ನನಗೆ ಕಾಲೇಜಿನಲ್ಲಿ ರಜೆ ಸಿಗುವ ಹಾಗಿರಲಿಲ್ಲ. ಕೇಳಿ ನೋಡುತ್ತೇನೆ ಎನ್ನುವಷ್ಟರಲ್ಲಿ ಅಪ್ಪ ಮಗ್ಗ ನಿಲ್ಲಿಸಿ ಒಳಗೆ ಬಂದ.

"ಯಾರರ ಒಯ್ಯಬೇಕಂದ್ರ ನಾನ ಹೋಗ್ತೇನಿ."

ಅಪ್ಪ ಸೊಲ್ಲಾಪುರ ದಾಟಿ ಹೋದವನಲ್ಲ. ತಮಿಳು ಹಾಗಿರಲಿ, ಹಿಂದಿಯೂ ಸರಿಯಾಗಿ ಬಾರದು. ಮಗ್ಗ ನಿಂತರೆ ಅವನಿಗೆ ಕೈಕಾಲು ಆಡುವುದಿಲ್ಲ. ಅವ್ವ ಬೇಡ ಎನ್ನಲಿಲ್ಲ. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಅಗಲ ಬಾಯಿಯ ಥರ್ಮಾಸಿನಲ್ಲಿ ಬಟ್ಟೆ ಸುತ್ತಿದ ಸೀಸೆಗಳನ್ನಿಟ್ಟು, ಸುತ್ತ ಐಸ್ ತುಂಬಿದೆ. ಸೀಸೆಗೆ ಐಸ್ ನೇರವಾಗಿ ತಾಗಬಾರದು, ಕರಗಿದ ನೀರು ಚೆಲ್ಲಬೇಕು ಎಂದು ಅಪ್ಪನಿಗೆ ಮೂರು ಸಲ ಹೇಳಿದೆ. "ತಿಳೀತವಾ, ಕೂಸಿನ್ನ ಒಯ್ದಂಗ ಒಯ್ತೇನಿ" ಎಂದು ಥರ್ಮಾಸನ್ನು ಮಡಿಲಲ್ಲಿ ಇಟ್ಟುಕೊಂಡು ಕುಡಚಿಯ ಬಸ್ಸಿನಲ್ಲಿ ಕೂತ.

ದಾರಿಯಲ್ಲಿ ಸಿಕ್ಕ ಸ್ಟೇಷನ್ನುಗಳಲ್ಲೆಲ್ಲ ಇಳಿದು ತಂಪು ಪಾನೀಯ ಮಾರುವವರ ಹತ್ತಿರ ಐಸ್ ಬೇಡಿ ತಂದನಂತೆ. ಒಬ್ಬ ದುಡ್ಡು ತೆಗೆದುಕೊಳ್ಳಲಿಲ್ಲ, ಒಬ್ಬ ಬೈದು ಕಳಿಸಿದ, ಬೈದವನೇ ರೈಲು ಹೊರಡುವಾಗ ಓಡಿ ಬಂದು ಕಿಟಕಿಯಲ್ಲಿ ಐಸ್ ಕೊಟ್ಟ. ಚೆನ್ನೈನಲ್ಲಿ ಸುಧನ್ ಥರ್ಮಾಸಿನ ಮುಚ್ಚಳ ತೆಗೆದು ನೋಡಿದಾಗ ಸೀಸೆಗಳು ತಣ್ಣಗಿದ್ದವು. ಅಪ್ಪ ನನಗೆ ಫೋನ್ ಮಾಡಿ, "ಥಂಡ ಅದಾವ. ಮುಟ್ಟಿಸೇನಿ" ಎಂದ. ಅವನ ದನಿಯಲ್ಲಿ ಅಂಥ ಸಂತೋಷ ನಾನು ಹಿಂದೆ ಕೇಳಿರಲಿಲ್ಲ.

ಔಷಧ ಸಮುದ್ರವನ್ನೂ ದಾಟಿತು. ಕೊಲಂಬೋದಲ್ಲಿ ಸುಧನ್‌ನ ಗೆಳೆಯರೊಬ್ಬರ ಮನೆ ತಲುಪಿತು. ಅಲ್ಲಿಂದ ಜಾಫ್ನಾಕ್ಕೆ ಹೋಗುವ ಗಾಡಿ ಮಾತ್ರ ಸಿಗಲಿಲ್ಲ. ಅದೇ ದಿನಗಳಲ್ಲಿ ಅಲ್ಲಿನ ಸರ್ಕಾರ ಜನರ ಗಾಡಿಗಳಿಗೆ ಎಣ್ಣೆ ಕೊಡುವುದನ್ನೇ ನಿಲ್ಲಿಸಿತ್ತು. ಬಸ್ಸಿಗೆ ಜನ ಮುಗಿಬಿದ್ದಿದ್ದರು. ದಿನಕ್ಕೆರಡು ಸಲ ನಾನು ಸುಧನ್‌ಗೆ ಫೋನ್ ಮಾಡುತ್ತಿದ್ದೆ. "ನಾಳೆ ಹೋಗಬಹುದು ಮೇಡಂ" ಎನ್ನುತ್ತಿದ್ದ. ಆ 'ನಾಳೆ' ಒಂದು ವಾರ ನಡೆಯಿತು.

ಜುಲೈನಲ್ಲಿ, ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತಿದ್ದಾಗ ಸುಧನ್‌ನೇ ಫೋನ್ ಮಾಡಿದ. ಹೊರಗೆ ಸಣ್ಣ ಮಳೆ ಹಿಡಿದಿತ್ತು. ಪುಷ್ಪರಾಣಿ ಎರಡು ದಿನದಿಂದ ವಾಂತಿ ಮಾಡುತ್ತಿದ್ದಳಂತೆ. ಆಟೋದಲ್ಲಿ ಆಸ್ಪತ್ರೆಗೆ ಒಯ್ಯಬೇಕೆಂದು ಗಂಡ ಬಂಕಿನ ಸರದಿಯಲ್ಲಿ ಆಟೋ ನಿಲ್ಲಿಸಿಕೊಂಡು ಕೂತಿದ್ದನಂತೆ. ಎಚ್ಚರ ತಪ್ಪಿದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಪಕ್ಕದ ಮನೆಯವರು ಕೈಗಾಡಿಯ ಮೇಲೆ ಮಲಗಿಸಿ ತಳ್ಳಿಕೊಂಡು ಹೋದರು. ಆಸ್ಪತ್ರೆಯವರು ಇದ್ದದ್ದರಲ್ಲೇ ಆದದ್ದನ್ನೆಲ್ಲ ಮಾಡಿದರು. ಮರುದಿನ ಬೆಳಗ್ಗೆ ತೀರಿಹೋದಳು.

ನಾವು ಕಳಿಸಿದ ಸೀಸೆಗಳು ಮೂರು ದಿನ ಬಿಟ್ಟು ಮನೆ ಮುಟ್ಟಿದವು. ಗಂಡ ಅವನ್ನು ಅದೇ ಆಸ್ಪತ್ರೆಗೆ ಕೊಟ್ಟನಂತೆ. ಬಳಕೆಗೆ ಬರುವಂತಿದ್ದವೋ ಇಲ್ಲವೋ ಗೊತ್ತಿಲ್ಲ. ನಾನು ಕೇಳಲಿಲ್ಲ.

ಮನೆಗೆ ಬಂದು ಹೇಳಿದಾಗ ಅಪ್ಪ ಮಗ್ಗ ನಿಲ್ಲಿಸಿ, ಲಾಳಿ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನಿಂತ. "ಥಂಡ ಇದ್ದವಲ್ಲ. ನಾನ ಮುಟ್ಟಿ ನೋಡೇನಿ, ಥಂಡ ಇದ್ದವು" ಎಂದು ಎರಡು ಸಲ ಅಂದ. ಆಮೇಲೆ ಬಗ್ಗಿ, ಮಗ್ಗದಲ್ಲಿ ಅರ್ಧ ಆಗಿದ್ದ ಹಸಿರು ಸೀರೆಯನ್ನು ಮುಂದುವರಿಸಿದ. ಅವಳಿಗಾಗಿ ನೇಯ್ದ ಸೀರೆಗಳನ್ನು ಶ್ರಾವಣದಲ್ಲಿ ಮುಧೋಳದ ವ್ಯಾಪಾರಿಗೆ ಮಾರಿದ. ನೇಕಾರನ ಮನೆಯಲ್ಲಿ ಸೀರೆ ಇಟ್ಟುಕೊಂಡು ಕೂರುವುದಕ್ಕೆ ಆಗುವುದಿಲ್ಲ. ಮಾರುವ ಮೊದಲು ಒಂದೊಂದಕ್ಕೂ ನೀರು ಹಚ್ಚಿ ಉಜ್ಜಿ ನೋಡಿದ. ನಾನು ಪಕ್ಕದಲ್ಲೇ ಇದ್ದೆ.

ಮುಂದೆ ಆ ದೇಶ ಚೇತರಿಸಿಕೊಂಡಿತು. ಸಾಲ ಸಿಕ್ಕಿತು, ಸರದಿಗಳು ಕರಗಿದವು, ಪ್ರವಾಸಿಗರು ಮತ್ತೆ ಬಂದರು. ಪಾಠದಲ್ಲಿ ಬರೆದದ್ದು ಸುಳ್ಳಾಗಲಿಲ್ಲ. ಮರುವರ್ಷ ಅದೇ ಪಾಠ ಮಾಡುವಾಗ ಅಲ್ಪಾವಧಿ ಎನ್ನುವ ಪದ ಬಂದ ಕಡೆ ನನ್ನ ದನಿ ತಗ್ಗಿತು. ಹಿಂದಿನ ಬೆಂಚಿನಿಂದ, "ಕೇಳಸವಲ್ದ್ರಿ ಮಿಸ್" ಎಂದರು. ಆ ಮಾತನ್ನು ನಾನು ಅದೇ ಮೊದಲ ಸಲ ಕೇಳಿದ್ದು.

ಆ ವರ್ಷವೇ ನನಗೆ ಬೀಳಗಿಗೆ ವರ್ಗವಾಯಿತು. ಹೊರಡುವ ಹಿಂದಿನ ದಿನ, ಊಟ ಮಾಡುತ್ತ ಕೂತಾಗ, ಒಂದು ವರ್ಷದಿಂದ ಒಳಗಿಟ್ಟುಕೊಂಡದ್ದನ್ನು ಅವ್ವನಿಗೆ ಹೇಳಿದೆ. "ನಾ ಕಾಯ್ರಿ ಅಂದಿದ್ದಕ್ಕ ಹಿಂಗಾತು. ನೀ ಬಾ ಅನ್ನು ಅಂದಿದ್ದಿ. ನಾ ಕೇಳಲಿಲ್ಲ."

ನಿನ್ನದೇನೂ ತಪ್ಪಿಲ್ಲ ಎಂದು ಅವ್ವ ಹೇಳುತ್ತಾಳೆ ಎಂದುಕೊಂಡಿದ್ದೆ. ಹೇಳಲಿ ಎಂದು ಆಸೆಯೂ ಇತ್ತು. ಅವ್ವ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಆಮೇಲೆ ಹೇಳಿದಳು.

"ನೀ ಕೆಟ್ಟದ್ದ ಬಯಸಿ ಹೇಳಲಿಲ್ಲವಾ, ಅದು ನನಗ ಗೊತ್ತೈತಿ. ದೇಶದ್ದ ಮೂರ ತಿಂಗಳದಾಗ ನೆಟ್ಟಗ ಆಗತೈತಿ ಅಂತ ನಿನಗ ತಿಳದಿತ್ತು, ಹೇಳಿದಿ. ಆದರ ಅದಕ್ಕೂ ಮೊದಲ, ನಿಮ್ಮ ಮನ್ಯಾಗ ಔಷಧ ಎಷ್ಟ ದಿನದ್ದ ಐತ್ರಿ ಅಂತ ಒಂದ ಮಾತ ಕೇಳಬೇಕಿತ್ತು."

ದನಿಯಲ್ಲಿ ಸಿಟ್ಟಿರಲಿಲ್ಲ. ತನ್ನ ತಾಟು ಎತ್ತಿಕೊಂಡು ಒಳಗೆ ಹೋದಳು. ನಾನು ಆ ರೊಟ್ಟಿಯನ್ನು ಮುಂದಿಟ್ಟುಕೊಂಡು ಅಲ್ಲೇ ಕೂತಿದ್ದೆ.